ಮೂರು ಸಲ ಏರ್ ತೆಗೆಸಿದರೂ ಕ್ಲಚ್ ಪೆಡಲ್ ಯಾಕೆ ಕೆಳಗೆ ಕೂರುತ್ತಿದೆ?

ಪ್ರಶ್ನೆ: ನಮ್ಮದು ಭರಮಸಾಗರದ ಹತ್ತಿರ ಹಳ್ಳಿ. ಏಳು ವರ್ಷದ ಪಿಕಪ್ ಗಾಡಿ ಇದೆ, 1,40,000 ಕಿ.ಮೀ. ಓಡಿದೆ. ಈರುಳ್ಳಿ, ಮೆಕ್ಕೆಜೋಳ, ತರಕಾರಿ ಹೇರಿಕೊಂಡು ವಾರಕ್ಕೆ ನಾಲ್ಕು ದಿನ ದಾವಣಗೆರೆ ಎಪಿಎಂಸಿಗೆ ಬರುತ್ತೇನೆ. ಎರಡು ತಿಂಗಳಿಂದ ಬೆಳಗ್ಗೆ ಮೊದಲ ಸಲ ಕ್ಲಚ್ ಒತ್ತಿದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ರಿವರ್ಸ್ ಗೇರ್ ಗರ್ ಅನ್ನುತ್ತದೆ. ನಾಲ್ಕೈದು ಸಲ ಪಂಪ್ ಮಾಡಿದರೆ ಗೇರ್ ಬೀಳುತ್ತದೆ. ಮೂರು ಸಲ ಕ್ಲಚ್ ಆಯಿಲ್ ಪೈಪಿನಿಂದ ಏರ್ (ಸೇರಿಕೊಂಡ ಗಾಳಿ) ತೆಗೆಸಿದೆ. ಪ್ರತಿ ಸಲವೂ ಎಂಟು ಹತ್ತು ದಿನ ಸರಿ, ಆಮೇಲೆ ಮತ್ತೆ ಅದೇ. ಆಯಿಲ್ ಡಬ್ಬಿಯಲ್ಲಿ ಅಂಥ ಕಡಿಮೆಯೂ ಆಗಿಲ್ಲ. ಈಗ ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ (ಪ್ಲೇಟ್, ಪ್ರೆಶರ್ ಪ್ಲೇಟ್ ಎಲ್ಲ ಹೊಸದು) ಹಾಕಲೇಬೇಕು ಅಂತಾರೆ. ಇನ್ನೊಬ್ಬರು ಪೆಡಲ್ ಹಿಂದಿನ ರಾಡ್ ಟೈಟ್ ಮಾಡಿದರೆ ಸಾಕು ಅಂತಾರೆ. ನಮ್ಮ ಭಾವ ಲಾರಿ ಓಡಿಸುವವರು, "ಗೇರ್ ಆಯಿಲ್ ಹಾಕು, ದಪ್ಪ ಇರ್ತೈತಿ, ಏರ್ ಹಿಡಿಯಲ್ಲ" ಅಂತಾರೆ. ಮೊನ್ನೆ ಎಪಿಎಂಸಿ ಗೇಟಿನ ಹತ್ತಿರ ಕ್ಲಚ್ ಒತ್ತಿ ಹಿಡಿದು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಗಾಡಿ ತಾನಾಗಿಯೇ ಮುಂದಕ್ಕೆ ತೆವಳಿತು. ಎದುರಿಗೆ ಹಮಾಲರು ಇದ್ದರು, ಎದೆ ಧಸಕ್ಕೆಂದಿತು. ನಿಜವಾಗಿಯೂ ಕ್ಲಚ್ ಸೆಟ್ ಹಾಕಿಸಬೇಕಾ? ಏರ್ ತೆಗೆಯುವ ಕೆಲಸವನ್ನು ಮನೆಯಲ್ಲೇ ಮಗನ ಜೊತೆ ಮಾಡಿಕೊಳ್ಳಬಹುದಾ?

ಉತ್ತರ: ಮೊದಲು ಎಪಿಎಂಸಿ ಗೇಟಿನ ವಿಷಯ. ರಿಪೇರಿ ಆಗುವ ತನಕ ಎಲ್ಲೇ ನಿಂತರೂ ಕ್ಲಚ್ ಒತ್ತಿಕೊಂಡು ನಿಲ್ಲಬೇಡಿ. ಗೇರ್ ನ್ಯೂಟ್ರಲ್‌ಗೆ ತಂದು, ಕಾಲು ಬ್ರೇಕ್ ಮೇಲಿಟ್ಟು ನಿಲ್ಲಿ. ಜನ ಓಡಾಡುವ ಕಡೆ ಲೋಡ್ ಗಾಡಿ ಒಂದು ಮಾರು ತೆವಳಿದರೂ ಸಾಕು, ಒಬ್ಬರ ಕಾಲು ಹೋಗುತ್ತದೆ. ಜೊತೆಗೆ ಇವತ್ತೇ ಬ್ರೇಕ್ ಪೆಡಲನ್ನೂ ಒತ್ತಿ ನೋಡಿ. ಅದೂ ಸ್ಪಂಜಿನಂತೆ ಮೆತ್ತಗಿದ್ದರೆ ಗಾಡಿಯನ್ನು ಮನೆ ಬಾಗಿಲಿಂದ ಕದಲಿಸಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೀವು ಬರೆದಿರುವ ಲಕ್ಷಣಗಳಿಗೆ ಮೊದಲು ಕ್ಲಚ್ ಸೆಟ್ಟಿಗೆ ಕೈ ಹಾಕುವ ಅಗತ್ಯ ನನಗೆ ಕಾಣುತ್ತಿಲ್ಲ. ಹಾಗಂತ ನಾಲ್ಕನೇ ಸಲ ಏರ್ ತೆಗೆಸಿದರೂ ಪ್ರಯೋಜನವಿಲ್ಲ. ಏರ್ ರೋಗವಲ್ಲ, ರೋಗದ ಗುರುತು. ಮುಚ್ಚಿದ ಲೈನಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ, ಎಲ್ಲೋ ಒಂದು ಬಾಗಿಲು ತೆರೆದಿರುತ್ತದೆ. ಆ ಬಾಗಿಲು ಹುಡುಕದೆ ಗಾಳಿಯನ್ನಷ್ಟೇ ಹೊರಗೆ ಹಾಕಿದರೆ ಎಂಟು ಹತ್ತು ದಿನಕ್ಕೆ ಅದು ಮತ್ತೆ ಒಳಗೆ ಬಂದು ಕೂರುತ್ತದೆ. ನಿಮ್ಮ ಗಾಡಿಯಲ್ಲಿ ಆಗಿರುವುದು ಇದೇ.

ದಾವಣಗೆರೆಯಲ್ಲಿ ಗ್ಯಾರೇಜ್ ಕೆಲಸಕ್ಕೆ ಇಳಿದು ಮೂವತ್ತು ವರ್ಷವಾಯಿತು. ಕ್ಲಚ್ ದೂರು ಹೇಳಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಒಂದೇ: "ಗಾಡಿ ಜಾರ್ತೈತಾ, ಇಲ್ಲ ಬಿಡ್ತಿಲ್ವಾ?" ಇವೆರಡೂ ಒಂದಕ್ಕೊಂದು ತದ್ವಿರುದ್ಧ. ಕ್ಲಚ್ ಪ್ಲೇಟ್ ಸವೆದರೆ ಗಾಡಿ ಜಾರುತ್ತದೆ. ಲೋಡ್ ಹಾಕಿಕೊಂಡು ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಆದರೆ ಗೇರ್ ಮಾತ್ರ ಸಲೀಸಾಗಿ ಬೀಳುತ್ತದೆ. ಏರ್ ಹಿಡಿದರೆ ಇದರ ಉಲ್ಟಾ. ಎಳೆಯುವ ಶಕ್ತಿಗೆ ಕೊರತೆಯಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಬೀಳುವುದಿಲ್ಲ. ಅದರಲ್ಲೂ ರಿವರ್ಸ್ ಮೊದಲು ತಕರಾರು ಮಾಡುತ್ತದೆ. ನೀವು ಜಾರುವ ಬಗ್ಗೆ ಒಂದು ಮಾತೂ ಬರೆದಿಲ್ಲ. ಪಂಪ್ ಮಾಡಿದ ಮೇಲೆ ಗೇರ್ ಬೀಳುತ್ತದೆ ಅಂದಿದ್ದೀರಿ. ಪ್ಲೇಟ್ ಸೊಟ್ಟಗಾಗಿದ್ದರೆ, ಕ್ಲಚ್ ಬಿಡಿಸುವ ಸನ್ನೆಯಾದ ಫೋರ್ಕ್ ಬಿರುಕು ಬಿಟ್ಟಿದ್ದರೆ, ಪ್ರೆಶರ್ ಪ್ಲೇಟಿನ ಬೆರಳುಗಳು ತಿಂದು ಹೋಗಿದ್ದರೆ ಗೇರ್ ಬೀಳದಿರಬಹುದು ನಿಜ. ಆದರೆ ಅಂಥ ಗಾಡಿಗೆ ಹತ್ತು ಸಲ ಪಂಪ್ ಮಾಡಿದರೂ ವ್ಯತ್ಯಾಸ ಆಗುವುದಿಲ್ಲ. ಪಂಪ್‌ಗೆ ಬಗ್ಗುವ ದೋಷ ಆಯಿಲ್ ಲೈನಿನಲ್ಲಿರುತ್ತದೆ.

ಆ ಲೈನ್ ಕೆಲಸ ಮಾಡುವ ಬಗೆ ತಿಳಿದರೆ ಮುಂದಿನದೆಲ್ಲ ಸುಲಭ. ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ಸಣ್ಣ ಪೈಪಿನೊಳಗೆ ತಳ್ಳುತ್ತದೆ. ಅದು ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ಹೊರಗೆ ನೂಕುತ್ತದೆ, ಆ ಪಿಸ್ಟನ್ ಫೋರ್ಕನ್ನು ತಳ್ಳುತ್ತದೆ. ಒಂದು ಕಡೆ ಒತ್ತಿದರೆ ಆ ಒತ್ತಡ ದ್ರವದಲ್ಲಿ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹೇಳಿದ ತತ್ವವೇ ಇದು. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಡುವೆ ಗಾಳಿ ಗುಳ್ಳೆ ಇದ್ದರೆ ನಿಮ್ಮ ಕಾಲಿನ ತುಳಿತ ಅದನ್ನು ಹಿಸುಕುವುದಕ್ಕೇ ಖರ್ಚಾಗುತ್ತದೆ, ಫೋರ್ಕಿನವರೆಗೆ ಮುಟ್ಟುವುದಿಲ್ಲ.

ಎಷ್ಟು ಗಾಳಿ ಇದ್ದರೆ ತೊಂದರೆ ಎಂದು ಒಂದು ಲೆಕ್ಕ ಹಾಕೋಣ. ಮಾಸ್ಟರ್ ಪಿಸ್ಟನ್ 16 ಮಿ.ಮೀ. ಅಗಲ, ಪೂರ್ತಿ ಒತ್ತಿದರೆ 30 ಮಿ.ಮೀ. ಚಲಿಸುತ್ತದೆ ಅಂದುಕೊಳ್ಳಿ. ಅಂದರೆ ಒಂದು ತುಳಿತಕ್ಕೆ ಹೋಗುವ ಆಯಿಲ್ ಸುಮಾರು 6 ಮಿಲಿ ಲೀಟರ್, ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು. ಸ್ಲೇವ್ ಪಿಸ್ಟನ್ 20 ಮಿ.ಮೀ. ಅಗಲವಿದ್ದರೆ ಅದು 19 ಮಿ.ಮೀ. ಹೊರಗೆ ಬರುತ್ತದೆ. ಈಗ ಲೈನಿನಲ್ಲಿ ಬರೀ 1 ಮಿಲಿ ಲೀಟರ್ ಗಾಳಿ, ಅಂದರೆ ಸುಮಾರು 20 ಹನಿಯಷ್ಟು ಜಾಗ ಹಿಡಿಯುವ ಗಾಳಿ ಸೇರಿತು ಅನ್ನಿ. ಸ್ಲೇವ್ ಚಲನೆಯಲ್ಲಿ ಸುಮಾರು 3 ಮಿ.ಮೀ. ಖೋತಾ. ಎರಡು ಮಿಲಿ ಲೀಟರ್ ಸೇರಿದರೆ 6 ಮಿ.ಮೀ. ಹೋಯಿತು. ಅಷ್ಟು ಕಡಿಮೆಯಾದರೆ ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಈ ಅಳತೆಗಳು ಗಾಡಿಯಿಂದ ಗಾಡಿಗೆ ಬೇರೆ. ಆದರೆ ಡಬ್ಬಿಯಲ್ಲಿ ಆಯಿಲ್ ಕಡಿಮೆ ಆದಂತೆ ಕಾಣದಿದ್ದರೂ ಪೆಡಲ್ ಯಾಕೆ ಸತ್ತಂತಾಗುತ್ತದೆ ಎನ್ನುವುದಕ್ಕೆ ಉತ್ತರ ಇದರಲ್ಲಿದೆ. ಒಂದೆರಡು ಮಿಲಿ ಲೀಟರ್ ಹೋದರೆ ಡಬ್ಬಿ ನೋಡಿದವರಿಗೆ ಗೊತ್ತಾಗುವುದಿಲ್ಲ.

ಸಿಲಿಂಡರಿನೊಳಗೆ ಬಟ್ಟಲಿನ ಆಕಾರದ ರಬ್ಬರ್ ವಾಷರ್ ಇರುತ್ತದೆ, ನಾವು ಕಪ್ ಅನ್ನುತ್ತೇವೆ. ಒತ್ತಡ ಬಂದಾಗ ಅದರ ಅಂಚು ಅರಳಿ ಗೋಡೆಗೆ ಬಿಗಿಯಾಗಿ ಕೂರುತ್ತದೆ. ಹಾಗಾಗಿ ಸವೆದ ಕಪ್ ಕೂಡ ಒತ್ತುವಾಗ ಆಯಿಲ್ ಬಿಡದಿರಬಹುದು. ಪೆಡಲ್ ವಾಪಸ್ ಬರುವಾಗ ಮಾತ್ರ ಆ ಅಂಚು ಸಡಿಲವಾಗಿ ಹೊರಗಿನ ಗಾಳಿಯನ್ನು ಚೂರು ಚೂರೇ ಒಳಗೆ ಎಳೆದುಕೊಳ್ಳುತ್ತದೆ. ಹನಿ ಸೋರಿಕೆ ಇಲ್ಲದೆಯೂ ಏರ್ ಹಿಡಿಯುವುದು ಹೀಗೆ. ಚಳಿಗೆ ರಬ್ಬರ್ ಗಟ್ಟಿಯಾಗಿರುವುದರಿಂದ ಬೆಳಗ್ಗೆ ತೊಂದರೆ ಜಾಸ್ತಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಚದುರಿದ್ದ ಸಣ್ಣ ಗುಳ್ಳೆಗಳೆಲ್ಲ ಒಂದೆಡೆ ಸೇರಿ ದೊಡ್ಡದಾಗಿರುವುದೂ ಉಂಟು.

ಈಗ ನಿಮಗೆ ಸಿಕ್ಕ ಮೂರು ಸಲಹೆಗಳು.

ಗೇರ್ ಆಯಿಲ್ ಹಾಕುವ ಮಾತನ್ನು ದಯವಿಟ್ಟು ಅಲ್ಲಿಗೇ ಬಿಡಿ. ನಿಮ್ಮ ಭಾವನವರು ಒಳ್ಳೆಯದನ್ನೇ ಬಯಸಿ ಹೇಳಿದ್ದಾರೆ, ಆದರೆ ಈ ಒಂದು ಕೆಲಸ ಇಡೀ ಲೈನನ್ನು ಹಾಳು ಮಾಡುತ್ತದೆ. ಬ್ರೇಕ್ ಆಯಿಲ್ ಎಂದು ಕರೆದರೂ ಡಾಟ್ 3, ಡಾಟ್ 4 ಎಂಬುವು ಪೆಟ್ರೋಲಿಯಂ ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಒಳಗಿನ ಕಪ್‌ಗಳ ರಬ್ಬರ್ ಅದಕ್ಕೆ ಹೊಂದುವಂಥದ್ದು. ಎಂಜಿನ್ ಆಯಿಲ್, ಗೇರ್ ಆಯಿಲ್, ಡೀಸೆಲ್, ಗ್ರೀಸ್ ಯಾವುದು ತಾಗಿದರೂ ಆ ರಬ್ಬರ್ ಊದುತ್ತದೆ. ನಾನು ಕೆಲಸ ಕಲಿಯುವಾಗ ಎಂಜಿನ್ ಆಯಿಲ್ ಹಾಕಿದ ಆಲಿಕೆಯನ್ನು ಬಟ್ಟೆಯಲ್ಲಿ ಒರೆಸಿ ಅದರಲ್ಲೇ ಬ್ರೇಕ್ ಆಯಿಲ್ ಹುಯ್ದಿದ್ದೆ. ವಾರದೊಳಗೆ ಆ ಗಾಡಿ ವಾಪಸ್ ಬಂತು. ಮಾಸ್ಟರ್ ಬಿಚ್ಚಿ ನೋಡಿದರೆ ಕಪ್ಪು ಬಟ್ಟಲಿನಂತಿರಬೇಕಾದ ಕಪ್ ನೀರಲ್ಲಿ ನೆನೆದ ಕಡಲೆಕಾಳಿನಂತೆ ಉಬ್ಬಿ, ಬೆರಳಲ್ಲಿ ಹಿಡಿದರೆ ಮೆತ್ತಗೆ ಜಾರುತ್ತಿತ್ತು. ಆಮೇಲೆ ಎರಡೂ ಸಿಲಿಂಡರಿನ ರಬ್ಬರ್ ಬದಲಿಸಿ, ಪೈಪ್ ತೊಳೆದು ಕೊಡಬೇಕಾಯಿತು. ಒರೆಸಿದ ಆಲಿಕೆಯಲ್ಲಿ ಉಳಿದದ್ದು ಹೆಚ್ಚೆಂದರೆ ನಾಲ್ಕು ಹನಿ. ಇನ್ನೂ ಒಂದು ಅಪಾಯವಿದೆ. ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ನೀವು ಕ್ಲಚ್ ಸರಿಮಾಡಲು ಹಾಕಿದ ಗೇರ್ ಆಯಿಲ್ ಬ್ರೇಕಿನ ರಬ್ಬರನ್ನೂ ಊದಿಸುತ್ತದೆ.

ಆ ಒಂದೇ ಡಬ್ಬಿಯ ಗಾಡಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕ್ಲಚ್ಚಿಗೆ ಹೋಗುವ ಪೈಪನ್ನು ಸಾಮಾನ್ಯವಾಗಿ ಡಬ್ಬಿಯ ಮೇಲಿನ ಮಟ್ಟದಿಂದ ತೆಗೆದಿರುತ್ತಾರೆ. ಕ್ಲಚ್ ಕಡೆ ಸೋರಿದರೂ ಬ್ರೇಕಿಗೆ ಬೇಕಾದಷ್ಟು ಉಳಿಯಲಿ ಎಂದು. ಹೀಗಾಗಿ ಬ್ರೇಕ್ ಕಡೆಯಲ್ಲಿ ಆಯಿಲ್ ಕಡಿಮೆಯಾದಾಗಲೂ ಮೊದಲು ಗಾಳಿ ಎಳೆಯುವುದು ಕ್ಲಚ್. ಕ್ಲಚ್ ದೂರಿನ ಮೂಲ ಚಕ್ರದ ಹತ್ತಿರದ ಬ್ರೇಕ್ ಸೋರಿಕೆಯಲ್ಲಿ ಸಿಕ್ಕ ಗಾಡಿಗಳನ್ನು ನಾನು ನೋಡಿದ್ದೇನೆ. ಬ್ರೇಕ್ ಪೆಡಲ್ ಒತ್ತಿ ನೋಡಿ ಎಂದು ಮೊದಲೇ ಹೇಳಿದ್ದು ಇದಕ್ಕೆ.

ರಾಡ್ ಟೈಟ್ ಮಾಡುವ ಸಲಹೆ ಪೂರ್ತಿ ಸುಳ್ಳಲ್ಲ, ಅದಕ್ಕೇ ಹೆಚ್ಚು ಅಪಾಯಕಾರಿ. ಯಾರಾದರೂ ಮೊದಲೇ ತಪ್ಪಾಗಿ ತಿರುಗಿಸಿದ್ದರೆ ರಾಡ್ ಸೆಟ್ಟಿಂಗ್ ಸರಿಪಡಿಸಬೇಕಾಗುತ್ತದೆ. ಆದರೆ ಪೆಡಲ್ ರಾಡಿಗೂ ಮಾಸ್ಟರ್ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟು ಆಟ ಇರಲೇಬೇಕು. ಆ ಆಟ ಇದ್ದರೆ ಮಾತ್ರ ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಬಂದು, ಡಬ್ಬಿಗೆ ಹೋಗುವ ಸಣ್ಣ ರಂಧ್ರ ತೆರೆದುಕೊಳ್ಳುತ್ತದೆ. ರಾಡ್ ಬಿಗಿ ಮಾಡಿದರೆ ಆ ರಂಧ್ರ ಮುಚ್ಚಿಯೇ ಇರುತ್ತದೆ. ಎಂಜಿನ್ ಕಾದಂತೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲ, ಸ್ಲೇವನ್ನು ತಳ್ಳುತ್ತದೆ. ನೀವು ಕ್ಲಚ್ಚಿನ ಮೇಲೆ ಅರ್ಧ ಕಾಲಿಟ್ಟು ಓಡಿಸಿದಂತೆ ಆಗುತ್ತದೆ. ಬೆಳಗ್ಗೆ ಚೆನ್ನಾಗಿ ಗೇರ್ ಬೀಳುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಲೋಡ್ ಗಾಡಿ ಹೈವೇಯಲ್ಲಿ ಜಾರಲು ಶುರುವಾಗುತ್ತದೆ. ಆಗ ಚೆನ್ನಾಗಿದ್ದ ಪ್ಲೇಟ್ ನಿಜವಾಗಿಯೂ ಸುಟ್ಟು, ಕ್ಲಚ್ ಸೆಟ್ ಹಾಕಿಸಲೇಬೇಕಾಗುತ್ತದೆ.

ಕ್ಲಚ್ ಸೆಟ್ ಬಗ್ಗೆ ಒಂದು ಷರತ್ತು. ಕೆಲವು ಗಾಡಿಗಳಲ್ಲಿ ಸ್ಲೇವ್ ಸಿಲಿಂಡರ್ ಹೊರಗಿರುವುದಿಲ್ಲ, ಗೇರ್‌ಬಾಕ್ಸಿನ ಮುಂಭಾಗದ ಹೌಸಿಂಗ್ ಒಳಗೆ, ಶಾಫ್ಟಿನ ಸುತ್ತ ಬಳೆಯಂತೆ ಇರುತ್ತದೆ. ಅಂಥದ್ದರಲ್ಲಿ ಸ್ಲೇವ್ ಹೋದರೆ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ. 1,40,000 ಕಿ.ಮೀ. ಓಡಿದ ಗಾಡಿಗೆ ಹೇಗೂ ಬಾಕ್ಸ್ ಇಳಿಸಿದ ಮೇಲೆ ಪ್ಲೇಟ್ ಹಾಗೇ ಬಿಡಿ ಎಂದು ನಾನೂ ಹೇಳುವುದಿಲ್ಲ, ಇಳಿಸುವ ಕೂಲಿ ಎರಡನೇ ಸಲ ಯಾಕೆ ಕೊಡಬೇಕು? ಹಾಗಾಗಿ ಗಾಡಿಯ ಕೆಳಗೆ ಬಗ್ಗಿ ನೋಡಿ. ಗೇರ್‌ಬಾಕ್ಸ್ ಪಕ್ಕದಲ್ಲಿ ಎರಡು ಬೋಲ್ಟಿನಿಂದ ಕೂತ, ಮೂತಿಗೆ ರಬ್ಬರ್ ಟೊಪ್ಪಿ ಇರುವ ಹೆಬ್ಬೆರಳು ಗಾತ್ರದ ಸಿಲಿಂಡರ್, ಅದರಿಂದ ಫೋರ್ಕಿಗೆ ಹೋಗುವ ಒಂದು ರಾಡ್ ಕಂಡರೆ ನಿಮ್ಮದು ಹೊರಗಿನ ಸ್ಲೇವ್. ಗೇರ್‌ಬಾಕ್ಸ್ ಮುಟ್ಟದೆ ರಿಪೇರಿ ಮಾಡಬಹುದು.

ಬಾಗಿಲು ಎಲ್ಲಿ ತೆರೆದಿದೆ ಎಂದು ಹುಡುಕುವುದಕ್ಕೆ ದೊಡ್ಡ ಯಂತ್ರ ಬೇಡ, ಬೆರಳು ಸಾಕು. ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು ಸ್ಲೇವಿನ ಆ ರಬ್ಬರ್ ಟೊಪ್ಪಿಯ ಅಂಚನ್ನು ನಿಧಾನಕ್ಕೆ ಮಡಚಿ ಒಳಗೆ ಬೆರಳಾಡಿಸಿ. ಬರೀ ಒಣ ಧೂಳಿದ್ದರೆ ಸರಿ. ಬೆರಳಿಗೆ ಕಾಡಿಗೆಯಂಥ ಕಪ್ಪು ಜಿಡ್ಡು ಅಂಟಿದರೆ ಅದು ಅರೆದು ಹೋದ ರಬ್ಬರ್ ಮತ್ತು ಆಯಿಲ್. ಸ್ಲೇವ್ ಕಪ್ ಮುಗಿದಿದೆ ಎಂದೇ ಅರ್ಥ. ಆಮೇಲೆ ಕ್ಯಾಬಿನ್ ಒಳಗೆ ಪೆಡಲ್ ಮೇಲ್ಭಾಗದಲ್ಲಿ ರಾಡ್ ಗೋಡೆಯೊಳಗೆ ಹೋಗುವ ಜಾಗವನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಒದ್ದೆ ಇದ್ದರೆ, ಕೆಳಗಿನ ಬಣ್ಣ ಉಬ್ಬಿ ಸಿಪ್ಪೆ ಎದ್ದಿದ್ದರೆ ಮಾಸ್ಟರ್ ಸೋರುತ್ತಿದೆ. ಬ್ರೇಕ್ ಆಯಿಲ್ ಬಣ್ಣ ಕಿತ್ತು ಹಾಕುತ್ತದೆ, ಹಾಗಾಗಿ ಸಾಕ್ಷಿ ಬಿಟ್ಟೇ ಹೋಗುತ್ತದೆ. ಪೆಡಲ್ ಕೆಳಗಿನ ಮ್ಯಾಟನ್ನೂ ಒಮ್ಮೆ ಎತ್ತಿ. ಹಳೆಯದರ ಮೇಲೆ ಹೊಸದು ಹಾಸಿ ಪೆಡಲ್ ಪೂರ್ತಿ ಕೆಳಗೆ ಹೋಗದೆ ಗೇರ್ ಬೀಳದ ಗಾಡಿಗಳು ನನ್ನ ಹತ್ತಿರ ಬಂದಿವೆ. ಎರಡನೇ ಮ್ಯಾಟ್ ತೆಗೆದು ಕೈಗೆ ಕೊಟ್ಟು ಕಳಿಸಿದ್ದೇನೆ.

ಎರಡೂ ಕಡೆ ಒಣಗಿದ್ದರೆ ಆಗ ಎಪಿಎಂಸಿ ಗೇಟಿನ ಘಟನೆ ನಮಗೆ ದಾರಿ ತೋರಿಸುತ್ತದೆ. ಬರೀ ಏರ್ ಇದ್ದರೆ ಪೆಡಲ್ ಮೆತ್ತಗಿರುತ್ತದೆ, ಆದರೆ ಒತ್ತಿ ಹಿಡಿದಲ್ಲಿ ನಿಲ್ಲುತ್ತದೆ. ನೀವು ಬರೆದದ್ದು ಬೇರೆ: ಒತ್ತಿ ಹಿಡಿದಿದ್ದೆ, ಸ್ವಲ್ಪ ಹೊತ್ತಿನ ಮೇಲೆ ತೆವಳಿತು. ಇದು ಮಾಸ್ಟರ್ ಒಳಗಿನ ಕಪ್ ಒತ್ತಡ ತಡೆಯಲಾರದೆ ಆಯಿಲನ್ನು ತನ್ನ ಬೆನ್ನ ಹಿಂದಕ್ಕೆ ಬಿಟ್ಟುಕೊಡುವ ಲಕ್ಷಣ. ಹೀಗೆ ಜಾರಿದ ಆಯಿಲ್ ಹೊರಗೆ ಬರುವುದಿಲ್ಲ, ಡಬ್ಬಿಗೇ ವಾಪಸ್ ಹೋಗುತ್ತದೆ. ಡಬ್ಬಿಯ ಮಟ್ಟ ಇಳಿಯದಿರುವುದಕ್ಕೂ ಇದು ಹೊಂದುತ್ತದೆ. ಖಾತ್ರಿ ಮಾಡಿಕೊಳ್ಳಲು ಖಾಲಿ ಗಾಡಿಯನ್ನು ಸಮತಟ್ಟಾದ ಬಯಲಿಗೆ ತಂದು, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿ, ಬಲಗಾಲನ್ನು ಬ್ರೇಕ್ ಮೇಲೆ ಸಿದ್ಧವಾಗಿಟ್ಟು ಒಂದು ನಿಮಿಷ ಹಾಗೇ ಹಿಡಿಯಿರಿ. ಮೊದಲು ಸುಮ್ಮನಿದ್ದು ಆಮೇಲೆ ಗಾಡಿ ಎಳೆಯಲು ಶುರುಮಾಡಿದರೆ ಮಾಸ್ಟರ್ ಮೇಲೆ ಅನುಮಾನ ಬಲವಾಗುತ್ತದೆ.

ಇನ್ನೊಂದು ವಿಷಯ ನಿಮ್ಮ ಮೂರು ಸಲದ ಏರ್ ತೆಗೆಸುವಿಕೆಗೆ ಸಂಬಂಧಿಸಿದ್ದು. ಹಳೆಯ ಮಾಸ್ಟರಿನಲ್ಲಿ ಪಿಸ್ಟನ್ ದಿನವೂ ಓಡಾಡುವ ಜಾಗ ನುಣುಪಾಗಿರುತ್ತದೆ. ಅದರಾಚೆಯ ಕೊನೆಯ ಭಾಗದಲ್ಲಿ ತೇವದಿಂದ ತುಕ್ಕು, ಕೊಳೆ ಕೂತಿರುತ್ತದೆ. ಏರ್ ತೆಗೆಯುವಾಗ ಸ್ಲೇವಿನ ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ತಿರುಪು) ತೆರೆದು ಪೆಡಲನ್ನು ದಢದಢ ಕೆಳತನಕ ತುಳಿದರೆ ಕಪ್ ಹೋಗಿ ಆ ಒರಟು ಜಾಗಕ್ಕೆ ಉಜ್ಜುತ್ತದೆ, ಅಂಚು ಹರಿಯುತ್ತದೆ. ನಿಮ್ಮ ಗಾಡಿಯಲ್ಲಿ ಮೊದಲು ಸ್ಲೇವ್ ಸೋತು ಏರ್ ಎಳೆದಿರಬಹುದು, ಮೂರು ಸಲದ ತುಳಿತಕ್ಕೆ ಮಾಸ್ಟರೂ ಸೋತಿರಬಹುದು. ಇದು ನನ್ನ ಊಹೆ, ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಆದರೂ ಹೇಳುತ್ತೇನೆ: ಏಳು ವರ್ಷದ ಗಾಡಿಗೆ ಒಂದು ಕಡೆ ಮಾತ್ರ ಹೊಸ ರಬ್ಬರ್ ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಕಡೆ ಕೈ ಕೊಡುವುದನ್ನು ಬಹಳ ಸಲ ಕಂಡಿದ್ದೇನೆ. ಎರಡನ್ನೂ ಒಟ್ಟಿಗೆ ಮಾಡಿಸಿ.

ಕಿಟ್ (ಹೊಸ ರಬ್ಬರ್‌ಗಳ ಪೊಟ್ಟಣ) ಹಾಕಬೇಕಾ, ಹೊಸ ಸಿಲಿಂಡರೇ ಬೇಕಾ ಎನ್ನುವುದನ್ನು ಬಿಚ್ಚಿದ ಮೇಲೆ ಉಗುರಿನಿಂದ ನಿರ್ಧರಿಸಿ. ಸಿಲಿಂಡರಿನ ಒಳಗೋಡೆ ಒರೆಸಿ ಉಗುರಾಡಿಸಿದಾಗ ಎಲ್ಲೂ ತಡೆಯದೆ ಜಾರಿದರೆ ಕಿಟ್ ಸಾಕು, ಖರ್ಚು ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಉಗುರು ತಡೆಯುವಂಥ ಗುಳಿ ಇದ್ದರೆ ಎಷ್ಟು ಒಳ್ಳೆಯ ಕಿಟ್ ಹಾಕಿದರೂ ಆ ಗುಳಿ ಅದನ್ನು ಕೆಲವೇ ವಾರದಲ್ಲಿ ತಿನ್ನುತ್ತದೆ. ಎಮರಿ ಪೇಪರ್ ಹಾಕಿ ಉಜ್ಜಿ ಕೊಡುತ್ತೇವೆ ಅಂದರೆ ಒಪ್ಪಬೇಡಿ, ಅಲ್ಯೂಮಿನಿಯಂ ಸಿಲಿಂಡರಿನ ಮೇಲಿನ ಗಟ್ಟಿ ಪದರ ಹೋಗಿಬಿಡುತ್ತದೆ. ಹೊಸ ಸಿಲಿಂಡರೇ ಹಾಕಿಸಿ. ಕಪ್ ಕೂರಿಸುವಾಗ ಹೊಸ ಬ್ರೇಕ್ ಆಯಿಲಿನಲ್ಲೇ ಅದ್ದಿ ಕೂರಿಸಬೇಕು. ಬಟ್ಟಲಿನ ಬಾಯಿ ಆಯಿಲ್ ಕಡೆಗೇ ಇರಬೇಕು.

ಇದೆಲ್ಲ ಆದ ಮೇಲೆ ಏರ್ ತೆಗೆಯುವ ಕೆಲಸ. ಮನೆಯಲ್ಲಿ ಮಾಡಬಹುದಾ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು, ನಿಮ್ಮ ಮಗನಿಗೆ ಹೇಳಿದ ಮಾತು ಕೇಳುವ ತಾಳ್ಮೆ ಇದ್ದರೆ ಸಾಕು. ಬೇಕಾದದ್ದು: ಡಬ್ಬಿಯ ಮುಚ್ಚಳದ ಮೇಲೆ ಬರೆದ ಗ್ರೇಡಿನ, ಸೀಲ್ ಒಡೆಯದ ಬ್ರೇಕ್ ಆಯಿಲ್, ನಿಪ್ಪಲ್ಲಿಗೆ ಸರಿಯಾಗಿ ಕೂರುವ ರಿಂಗ್ ಪಾನ (ಸ್ಪ್ಯಾನರ್), ಅರ್ಧ ಮೀಟರ್ ಪಾರದರ್ಶಕ ಪೈಪ್, ಒಂದು ಹಳೇ ಬಾಟಲಿ. ಬಾಯಿ ಪಾನ ಹಾಕಿದರೆ ತುಕ್ಕು ಹಿಡಿದ ನಿಪ್ಪಲ್ಲಿನ ಮೂಲೆ ಉರುಟಾಗುತ್ತದೆ, ಆಮೇಲೆ ಕೆಲಸ ಬೇರೆಯದೇ ಆಗುತ್ತದೆ.

ಪೈಪಿನ ಒಂದು ತುದಿಯನ್ನು ಸ್ಲೇವಿನ ನಿಪ್ಪಲ್ಲಿಗೆ ಸಿಕ್ಕಿಸಿ. ಇನ್ನೊಂದು ತುದಿಯನ್ನು ಎರಡು ಬೆರಳು ಹೊಸ ಆಯಿಲ್ ಹುಯ್ದ ಬಾಟಲಿಯಲ್ಲಿ ಮುಳುಗಿಸಿ. ಮಗ ಪೆಡಲನ್ನು ನಿಧಾನಕ್ಕೆ ಒತ್ತಿ ಹಿಡಿಯಲಿ. ಹಿಡಿದೆ ಎಂದು ಅವನು ಬಾಯಿಬಿಟ್ಟು ಹೇಳಬೇಕು, ನೀವು ಕೇಳಿಸಿಕೊಂಡ ಮೇಲೆಯೇ ನಿಪ್ಪಲನ್ನು ಕಾಲು ಸುತ್ತು ಬಿಚ್ಚಬೇಕು. ಆಯಿಲ್ ಬರುತ್ತದೆ, ಪೆಡಲ್ ಇಳಿಯುತ್ತದೆ. ಅದು ತಳ ಮುಟ್ಟುವ ಮೊದಲೇ ನಿಪ್ಪಲ್ ಬಿಗಿ ಮಾಡಿ, ಬಿಡು ಎಂದು ಹೇಳಿ. ನಿಪ್ಪಲ್ ತೆರೆದಿರುವಾಗ ಅವನು ಕಾಲು ಎತ್ತಿದರೆ ಅಲ್ಲಿಯವರೆಗಿನ ಶ್ರಮವೆಲ್ಲ ವಾಪಸ್. ಮೊದಲು ಬರುವ ಆಯಿಲ್ ಕಷಾಯದ ಬಣ್ಣದಲ್ಲಿರುತ್ತದೆ. ಅದರೊಳಗೆ ಸಾಬೂದಾನಿ ಗಾತ್ರದ ಗುಳ್ಳೆಗಳು ಪೈಪಿನಲ್ಲಿ ಸಾಲಾಗಿ ಹೋಗುತ್ತವೆ. ಆಮೇಲೆ ಅವು ಸಾಸಿವೆಯಷ್ಟಾಗುತ್ತವೆ, ಬಣ್ಣ ತಿಳಿಯಾಗುತ್ತಾ ಹೊಂಬಣ್ಣಕ್ಕೆ ಬರುತ್ತದೆ. ಗುಳ್ಳೆ ನಿಂತ ಮೇಲೂ ನಾಲ್ಕೈದು ಸಲ ಮಾಡಿ. ಪ್ರತಿ ಐದಾರು ತುಳಿತಕ್ಕೆ ಎದ್ದು ಹೋಗಿ ಡಬ್ಬಿ ತುಂಬಿಸಿ. ಡಬ್ಬಿ ಒಮ್ಮೆ ಬರಿದಾದರೆ ಮೇಲಿನಿಂದ ಹೊಸ ಗಾಳಿ ಹೊಕ್ಕು, ಕೆಲಸ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಜೋರಾಗಿ ಪಂಪ್ ಮಾಡಿದರೆ ಏರ್ ಬೇಗ ಬರುತ್ತದೆ ಎನ್ನುವುದು ತಪ್ಪು. ಮಜ್ಜಿಗೆ ಕಡೆದಂತಾಗಿ ದೊಡ್ಡ ಗುಳ್ಳೆ ನೂರು ಸಣ್ಣ ಗುಳ್ಳೆಯಾಗಿ ಆಯಿಲಿನಲ್ಲಿ ಬೆರೆತುಬಿಡುತ್ತದೆ. ಹಾಗಾದರೆ ಅರ್ಧ ಗಂಟೆ ಗಾಡಿಯನ್ನು ಸುಮ್ಮನೆ ಬಿಡಬೇಕು.

ಎಷ್ಟು ಮಾಡಿದರೂ ಪೆಡಲ್ ಗಟ್ಟಿಯಾಗದಿದ್ದರೆ ಸ್ಲೇವ್ ಜೋಡಿಸಿರುವ ರೀತಿ ನೋಡಿ. ಗಾಳಿ ಮೇಲಕ್ಕೇ ಹೋಗುವುದು. ಆದ್ದರಿಂದ ನಿಪ್ಪಲ್ ಮೇಲ್ಗಡೆ, ಆಯಿಲ್ ಪೈಪ್ ಕೆಳಗಡೆ ಇರಬೇಕು. ಕೆಲವು ಸ್ಲೇವ್‌ಗಳಲ್ಲಿ ಎರಡೂ ತೂತು ಒಂದೇ ಅಳತೆ ಇರುವುದರಿಂದ ಅದಲುಬದಲಾಗಿ ಹಾಕಿಬಿಡುತ್ತಾರೆ. ಆಗ ಮೇಲಿನ ಮೂಲೆಯಲ್ಲಿ ಕೂತ ಗುಳ್ಳೆ ಏನು ಮಾಡಿದರೂ ಹೊರಬರುವುದಿಲ್ಲ. ಮೂರು ಕಡೆ ತೋರಿಸಿಕೊಂಡು ಬಂದ ಗಾಡಿಯಲ್ಲಿ ಈ ತಪ್ಪು ಸಿಕ್ಕಿದ್ದಿದೆ.

ಅದೂ ಸರಿ ಇದ್ದರೆ ಕೆಳಗಿನಿಂದ ಮೇಲಕ್ಕೆ ಏರ್ ತೆಗೆಯುವ ದಾರಿಯಿದೆ, ನನಗೆ ಇಷ್ಟದ್ದೂ ಇದೇ. ಮೆಡಿಕಲ್ ಸ್ಟೋರಿನಿಂದ ದೊಡ್ಡ ಸಿರಿಂಜ್ ತಂದು, ಅದಕ್ಕೂ ಪೈಪಿಗೂ ಹೊಸ ಆಯಿಲ್ ತುಂಬಿ, ನಿಪ್ಪಲ್ ಮೂಲಕ ನಿಧಾನಕ್ಕೆ ಒಳಗೆ ತಳ್ಳುವುದು. ಮೇಲೇರುವ ಗಾಳಿಗೆ ನಾವೇ ಬೆನ್ನು ತಳ್ಳಿದಂತೆ. ಮಗ ಮೇಲೆ ಡಬ್ಬಿ ನೋಡುತ್ತಿರಲಿ, ಗುಳುಗುಳು ಎಂದು ಗುಳ್ಳೆ ಏಳುವುದು ಕಾಣುತ್ತದೆ. ಮೊದಲು ಡಬ್ಬಿಯಿಂದ ಅರ್ಧ ಆಯಿಲ್ ಹೀರಿ ತೆಗೆದಿಡಿ, ಇಲ್ಲವಾದರೆ ಉಕ್ಕಿ ಬಣ್ಣದ ಮೇಲೆ ಬೀಳುತ್ತದೆ. ಹಳೆಯ ಕೊಳೆ ಆಯಿಲ್ ಇರುವ ಲೈನಿಗೆ ಈ ವಿಧಾನ ಬೇಡ, ಕೆಳಗಿನ ಕಸವೆಲ್ಲ ಮಾಸ್ಟರಿಗೆ ಹೋಗುತ್ತದೆ. ಒಮ್ಮೆ ತಿಳಿ ಆಯಿಲ್ ಬರುವ ತನಕ ಕೆಳಗೆ ಹರಿಸಿ, ಆಮೇಲೆ ಇದನ್ನು ಮಾಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಡಬ್ಬಿಗೆ ನೇರ ಕೊಡುವ ಪ್ರಯೋಗ ಮಾತ್ರ ಯಾರಾದರೂ ಹೇಳಿದರೆ ತಡೆಯಿರಿ. ಡಬ್ಬಿ ಸಿಡಿದು ಆಯಿಲ್ ಕಣ್ಣಿಗೆ ಹಾರುತ್ತದೆ.

ಕಣ್ಣಿನ ಮಾತು ಬಂತು. ಗಾಡಿ ಕೆಳಗೆ ಮಲಗಿ ಕೆಲಸ ಮಾಡುವವರು ಕನ್ನಡಕ ಹಾಕಲೇಬೇಕು. ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಹೋಗಲೇಬಾರದು. ತಗ್ಗಿನ ಪಕ್ಕ ನಿಲ್ಲಿಸಿಕೊಳ್ಳಿ, ಇಲ್ಲ ಗಟ್ಟಿ ಸ್ಟ್ಯಾಂಡ್ ಇಡಿ. ಆಯಿಲ್ ಬಣ್ಣಕ್ಕೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ತೆಗೆದ ಹಳೇ ಆಯಿಲನ್ನು ತಂಪುಪಾನೀಯದ ಬಾಟಲಿಯಲ್ಲಿ ಮನೆಯಲ್ಲಿಡಬೇಡಿ. ಮಕ್ಕಳು ಶರಬತ್ತು ಎಂದು ಬಾಯಿಗಿಟ್ಟರೆ ಅದು ವಿಷ. ಚರಂಡಿಗೂ ಹೊಲಕ್ಕೂ ಸುರಿಯಬೇಡಿ. ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ, ಎಂಜಿನ್ ಆಯಿಲ್ ಜೊತೆ ಬೆರೆಸದೆ.

ಕೆಲಸ ಆಯಿತೋ ಇಲ್ಲವೋ ಎಂದು ಪೆಡಲಿನ ಅನುಭವದಿಂದಷ್ಟೇ ಹೇಳಬೇಡಿ. ಸ್ಲೇವ್ ರಾಡಿನ ಪಕ್ಕ ಸ್ಕೇಲ್ ಹಿಡಿದು, ಮಗನಿಗೆ ಪೂರ್ತಿ ಒತ್ತಲು ಹೇಳಿ, ಎಷ್ಟು ಮಿಲಿಮೀಟರ್ ಹೊರಗೆ ಬಂತು ಎಂದು ಬರೆದಿಟ್ಟುಕೊಳ್ಳಿ. ಫೋರ್ಕಿಗೂ ರಾಡಿಗೂ ಬೆರಳು ಸಿಗದಂತೆ ದೂರ ಹಿಡಿಯಿರಿ. ಮರುದಿನ ಬೆಳಗ್ಗೆ, ಗಾಡಿ ತಣ್ಣಗಿರುವಾಗ, ಮೊದಲನೇ ತುಳಿತದಲ್ಲೇ ಮತ್ತೆ ಅಳೆಯಿರಿ. ಎರಡೂ ಒಂದೇ ಬಂದರೆ ಬಾಗಿಲು ಮುಚ್ಚಿದೆ. ಅಳತೆ ಸರಿ ಬಂದು, ಆದರೂ ಗೇರ್ ಗರ್ ಅನ್ನುತ್ತಿದ್ದರೆ ಆಗ ಮಾತ್ರ ದೋಷ ಹೌಸಿಂಗ್ ಒಳಗಿದೆ. ಗೇರ್‌ಬಾಕ್ಸ್ ಇಳಿಸಿ ಎಂದ ಗ್ಯಾರೇಜಿನವರ ಮಾತು ಆ ದಿನ ಕೇಳಿ.

ಅದಕ್ಕೆ ಮೊದಲೇ ದಾರಿ ಮಧ್ಯೆ ಪೆಡಲ್ ಪೂರ್ತಿ ಕೈ ಕೊಟ್ಟರೆ ಇಂಡಿಕೇಟರ್ ನಾಲ್ಕೂ ಹಾಕಿ ಸರ್ವಿಸ್ ರೋಡಿಗೆ ಇಳಿಸಿ ನಿಲ್ಲಿಸಿ. ಕ್ಲಚ್ ಇಲ್ಲದೆ ಗೇರಿನಲ್ಲೇ ಸೆಲ್ಫ್ ಹೊಡೆದು ಗಾಡಿ ಹೊರಡಿಸುವ ಕೈಚಳಕ ನಮ್ಮ ಡ್ರೈವರ್‌ಗಳಿಗೆ ಗೊತ್ತು. ಖಾಲಿ ರಸ್ತೆಯಲ್ಲಿ ಒಂದು ಫರ್ಲಾಂಗ್ ಸರಿಸಲು ಅದು ಸರಿ, ಎಪಿಎಂಸಿಯಂಥ ಜನಜಂಗುಳಿಯಲ್ಲಿ ಬೇಡ. ಕ್ಲಚ್ ಒತ್ತದಿದ್ದರೆ ಸ್ಟಾರ್ಟ್ ಆಗದ ಹೊಸ ಗಾಡಿಗಳಲ್ಲಿ ಆ ಉಪಾಯ ನಡೆಯುವುದೂ ಇಲ್ಲ. ಸೀಲ್ ಮಾಡಿದ ಸಣ್ಣ ಬ್ರೇಕ್ ಆಯಿಲ್ ಡಬ್ಬಿಯೊಂದನ್ನು ಸೀಟ್ ಕೆಳಗೆ ಇಟ್ಟುಕೊಂಡಿರಿ. ಮಟ್ಟ ಇಳಿದಿದ್ದರೆ ತುಂಬಿಸಿ, ನಿಧಾನಕ್ಕೆ ಹತ್ತು ಹನ್ನೆರಡು ಸಲ ಒತ್ತಿದರೆ ಎಷ್ಟೋ ಸಲ ಹತ್ತಿರದ ಗ್ಯಾರೇಜು ಮುಟ್ಟುವಷ್ಟು ಪೆಡಲ್ ಬರುತ್ತದೆ.

ಸೀಲ್ ಒಡೆದ ಡಬ್ಬಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಎಂಬ ಅಳತೆಯಿದೆ, ನೀರು ಸೇರಿದ ಮೇಲೆ ಅದೇ ಅಳತೆ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಕುದಿಯುವುದು ಬ್ರೇಕ್ ಕಡೆಗೆ ದೊಡ್ಡ ಚಿಂತೆ. ಕ್ಲಚ್ ಕಡೆಗೆ ಆ ನೀರು ಮಾಡುವ ಕೇಡು ಸಿಲಿಂಡರ್ ಗೋಡೆಗೆ ತುಕ್ಕು, ಉಗುರಿಗೆ ತಡೆಯುವ ಆ ಗುಳಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿದರೆ ಅದು ನಿಲ್ಲುತ್ತದೆ.

ಕೆಲಸ ಮುಗಿದ ದಿನ ಡಬ್ಬಿಯ ಹೊರಗೆ, ಆಯಿಲ್ ನಿಂತ ಮಟ್ಟಕ್ಕೆ ಸರಿಯಾಗಿ ಮಾರ್ಕರ್ ಪೆನ್ನಿನಿಂದ ಸಣ್ಣ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ವಾರಕ್ಕೊಮ್ಮೆ ನೋಡಿ. ಕ್ಲಚ್ ಪ್ಲೇಟ್ ಸವೆದಂತೆ ಮಟ್ಟ ಇಳಿಯುವುದಿಲ್ಲ, ಒಂದು ಕೂದಲಷ್ಟು ಏರುತ್ತದೆ. ಬ್ರೇಕ್ ಪ್ಯಾಡ್ ಸವೆದರೆ ತಿಂಗಳುಗಟ್ಟಲೆ ತೆಗೆದುಕೊಂಡು ತುಸು ಇಳಿಯುತ್ತದೆ. ವಾರದೊಳಗೆ ಗೆರೆಯಿಂದ ಕೆಳಗೆ ಹೋಗಿದ್ದರೆ ಆಯಿಲ್ ಎಲ್ಲೋ ಹೊರಗೆ ಹೋಗುತ್ತಿದೆ. ಆಗ ಗ್ಯಾರೇಜಿನವರಿಗೆ ಏರ್ ತೆಗೆಯಿರಿ ಎನ್ನಬೇಡಿ, ಎಲ್ಲಿ ಒದ್ದೆಯಾಗಿದೆ ಹುಡುಕಿ ಎಂದು ಹೇಳಿ ಗಾಡಿ ಬಿಡಿ.